ಬಾಸ್ಕರ್‌ವಿಲ್ ನಾಯಿಯೂ ನಮ್ಮ ಪುರುಷೋತ್ತಮನೂ

ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಬೇಕೆಂದರೆ ಹೆಚ್ಚು ಅಲೆಯಬೇಕಾಗಿಲ್ಲ. ಶಾಲೆಯ ಮಕ್ಕಳಿಗಾಗಿ ಕತ್ತರಿಸಿದ್ದು, ಅಗ್ಗದ ಪೇಪರ್‌ಬ್ಯಾಕ್, ಹೋಮ್ಸ್ ಕಥೆಗಳೆಲ್ಲ ಸೇರಿದ ದಪ್ಪ ಸಂಪುಟ, ಎಲ್ಲವೂ ಉಂಟು. ಮರಾಠಿಯಲ್ಲೇ ಓದುವವರಿಗೆ ಭಾಲಬಾ ಕೇಳಕರರ ಅನುವಾದಗಳಿವೆ. ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ನಮ್ಮ ದೇಶದಲ್ಲಿ ಅವರ ಪುಸ್ತಕಗಳ ಹಕ್ಕು ಮುಗಿದು ದಶಕಗಳಾದವು. ಯಾರು ಬೇಕಾದರೂ ಅಚ್ಚು ಹಾಕಬಹುದು.

ಆದರೆ ಮೊದಲ ಮುದ್ರಣದ ಕಥೆಯೇ ಬೇರೆ. 1893ರಲ್ಲಿ ಹೋಮ್ಸ್‌ನನ್ನು ಜಲಪಾತದಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದ ಡಾಯ್ಲ್, 1901ರ ಆಗಸ್ಟಿನಲ್ಲಿ 'ಸ್ಟ್ರ್ಯಾಂಡ್' ಮಾಸಿಕದಲ್ಲಿ ಈ ಕಥೆಯನ್ನು ಶುರುಮಾಡಿದರು. ಧಾರಾವಾಹಿ ಮುಗಿಯುವ ಮೊದಲೇ, 1902ರ ಮಾರ್ಚಿನಲ್ಲಿ, ಪುಸ್ತಕ ಹೊರಬಂತು. ಕೆಂಪು ಬಟ್ಟೆಯ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಚಿತ್ತಾರ, ಒಳಗೆ ಸಿಡ್ನಿ ಪ್ಯಾಜೆಟ್ ಬರೆದ 16 ಚಿತ್ರಗಳು. 13ನೆಯ ಪುಟದಲ್ಲಿ 'ಯುವರ್' ಎಂದಿರಬೇಕಾದ ಕಡೆ 'ಯು' ಎಂದು ಬಿದ್ದಿದೆ. ಸಂಗ್ರಹ ಮಾಡುವವರು ಆ ತಪ್ಪಿಗಾಗಿಯೇ ಹುಡುಕುತ್ತಾರೆ! ಮೇಲಿನ ಕಾಗದದ ಹೊದಿಕೆ ಉಳಿದ ಪ್ರತಿಗಳಂತೂ ಬೆರಳೆಣಿಕೆಯಷ್ಟು.

ಹಸ್ತಪ್ರತಿಯ ಪಾಡು ಕೇಳಿ. ಅಮೆರಿಕದ ಪ್ರಕಾಶಕರು ಜಾಹೀರಾತಿಗೆಂದು ಅದನ್ನು ಬಿಡಿ ಹಾಳೆಗಳಾಗಿ ಪುಸ್ತಕದಂಗಡಿಗಳಿಗೆ ಹಂಚಿಬಿಟ್ಟರು. ಹೆಚ್ಚಿನವು ಕಸಕ್ಕೆ ಹೋದವು. ಉಳಿದವುಗಳಲ್ಲಿ ಒಂದೇ ಒಂದು ಹಾಳೆ ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದ್ದುಂಟು.

ಕಸಕ್ಕೆ ಹೋಗುವ ವಿಷಯದಲ್ಲಿ ನಮ್ಮ ಪತ್ತೇದಾರರೂ ಹಿಂದೆ ಬಿದ್ದವರಲ್ಲ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕನ್ನಡ ಓದಲು ಕೂತವರು ಎಷ್ಟೋ ಮಂದಿ. ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರಿನಲ್ಲಿ ನಾವು ಪುಣೆಯಲ್ಲೂ ಹಾರಿಸುವ ಹಳದಿ–ಕೆಂಪು ಬಾವುಟವನ್ನು ರೂಪಿಸಿದವರು ಅವರೇ. ಬಾವುಟ ಎಲ್ಲರಿಗೂ ಗೊತ್ತು. ಅದೇ ಕೈ ರಾಶಿ ರಾಶಿ ಪತ್ತೇದಾರಿ ಕಾದಂಬರಿ ಬರೆಯಿತೆಂದರೆ ರಾಜ್ಯೋತ್ಸವದ ವೇದಿಕೆಯ ಮೇಲಿದ್ದವರೂ ಹುಬ್ಬೇರಿಸುತ್ತಾರೆ.

ಈ ಪುಸ್ತಕಗಳನ್ನು ಕೊಂಡು ಇಟ್ಟುಕೊಂಡವರು ಕಡಿಮೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ತಂದು, ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿ, ಮರುದಿನ ಹಿಂದಿರುಗಿಸಿದವರೇ ಹೆಚ್ಚು. ಕಾಗದವೂ ಅಗ್ಗದ್ದು, ಹಳದಿಯಾಗಿ, ಅಂಚು ಪುಡಿಯಾಗುತ್ತದೆ. ಸಾಹಿತ್ಯವೆಂದು ಲೆಕ್ಕಕ್ಕಿಲ್ಲದ್ದರಿಂದ ದೊಡ್ಡ ಗ್ರಂಥಾಲಯಗಳೂ ಆಸ್ಥೆ ವಹಿಸಲಿಲ್ಲ. ಅಷ್ಟು ಓದಿಸಿಕೊಂಡ ಪುಸ್ತಕಗಳು ಅದೇ ಕಾರಣಕ್ಕೆ ಸವೆದುಹೋದವು.

ಈಗ ಒಂದು ಲೆಕ್ಕ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ರಾಮಮೂರ್ತಿಯವರು ಹೋದದ್ದು 1967ರಲ್ಲಿ. ಅಂದರೆ 2028ರ ಜನವರಿ 1ರಿಂದ ಅವರ ಕಾದಂಬರಿಗಳನ್ನು ಡಾಯ್ಲ್ ಪುಸ್ತಕಗಳಂತೆಯೇ ಯಾರು ಬೇಕಾದರೂ ಅಚ್ಚು ಹಾಕಬಹುದು, ಜಾಲತಾಣಕ್ಕೆ ಏರಿಸಬಹುದು. ಆದರೆ ಅಚ್ಚು ಹಾಕಲು ಕೈಯಲ್ಲಿ ಒಂದು ಪೂರ್ತಿ ಪ್ರತಿಯಾದರೂ ಬೇಕಲ್ಲ? ನರಸಿಂಹಯ್ಯನವರು 2011ರವರೆಗೆ ಇದ್ದವರು; ಅವರ ಪುಸ್ತಕಗಳಿಗೆ ಮನೆಯವರ ಒಪ್ಪಿಗೆ ಬೇಕು.

ಆ ಪ್ರತಿಗಳು ಇರುವುದು ಊರಿನ ಅಟ್ಟದಲ್ಲಿ. ಧಾರವಾಡದಲ್ಲೋ ಹಾಸನದಲ್ಲೋ ಅಪ್ಪ–ಅಮ್ಮನ ಮನೆ ಖಾಲಿ ಮಾಡಿ ಅವರನ್ನು ಪುಣೆಗೆ ಕರೆತರುವ ಕೆಲಸ ನಮ್ಮಲ್ಲಿ ಹಲವರಿಗೆ ಬಂದಿದೆ. ಟ್ರಂಕು ತೆರೆಯುವಷ್ಟರಲ್ಲಿ ರದ್ದಿಯವನು ತಕ್ಕಡಿ ಹಿಡಿದು ನಿಂತಿರುತ್ತಾನೆ. ಕುವೆಂಪು, ಕಾರಂತರನ್ನು ಎತ್ತಿಟ್ಟು ಉಳಿದದ್ದನ್ನು ತೂಕಕ್ಕೆ ಹಾಕುವುದು ರೂಢಿ. ಈ ಸಲ ತಿರುಗಾಮುರುಗಾ ಮಾಡಿ ಎನ್ನಲಾರೆ, ಕಾರಂತರೂ ಇರಲಿ. ಆದರೆ ಪಿಸ್ತೂಲು, ಮುಸುಕುಧಾರಿಯ ಮುಖಪುಟವಿದ್ದದ್ದನ್ನು ಪಕ್ಕಕ್ಕಿಡಿ. ಲೈಬ್ರರಿಯ ಮುದ್ರೆ ಬಿದ್ದಿದ್ದರೆ ಇಂಗ್ಲಿಷ್ ಪುಸ್ತಕದ ವ್ಯಾಪಾರಿ ಬೆಲೆ ಇಳಿಸುತ್ತಾನೆ. ನಮ್ಮ ಪುಸ್ತಕಕ್ಕೆ ಆ ಮುದ್ರೆಯೇ ಚರಿತ್ರೆ: ಯಾವ ಊರು, ಯಾವ ಬೀದಿ, ದಿನಕ್ಕೆಷ್ಟು ಬಾಡಿಗೆ ಎಲ್ಲ ಅದರಲ್ಲಿರುತ್ತದೆ. ಹಿಂಬದಿಯ ಪ್ರಕಟಣೆಗಳ ಪಟ್ಟಿಯನ್ನೂ ಹರಿಯಬೇಡಿ, ಎಷ್ಟೋ ಶೀರ್ಷಿಕೆಗಳಿಗೆ ಅದೊಂದೇ ಸುಳಿವಾಗಿರಬಹುದು.

ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ. ಕೊನೆಯ ಪುಟ ಇದೆಯೇ ಎಂದು ಮೊದಲು ನೋಡಿ. ಕೊಲೆಗಾರ ಇರುವುದು ಅಲ್ಲೇ.