ಟಾಕಿಯ ಕಲೆ

ತಿರ್ಲಾಪುರವನ್ನೊಳಗೊಂಡ ನವಲಗುಂದ ಎರೆಸೀಮೆಯಲ್ಲಿ ಅಂತರ್ಜಲ ಬಹುಮಟ್ಟಿಗೆ ಸವಳು. ಅದನ್ನು ತುಂಬಿಡುವ ಕಾಂಕ್ರೀಟ್ ಟಾಕಿಗಳಲ್ಲಿ ಕಲೆ ಬಿದ್ದು ಗಿಲಾವು ಉದುರಿದೊಡನೆ ಗೌಂಡಿಯನ್ನು ಕರೆಯುವುದು ವ್ಯರ್ಥವ್ಯಯ; ಮೊದಲು ಕಾರಣವನ್ನು ಅರಿಯತಕ್ಕದ್ದು.

ಕೆರೆದು ತೆಗೆದ ಬಿಳಿಯ ಹುಡಿ ನೀರಿನಲ್ಲಿ ಕರಗಿದರೆ ಉಪ್ಪು. ಕರಗದೆ ನಿಂಬೆರಸಕ್ಕೆ ನೊರೆಯೆದ್ದರೆ ಸುಣ್ಣ, ಅದಕ್ಕೆ ಅಂಜಬೇಕಿಲ್ಲ. ಪಾಚಿಯನ್ನು ಉಜ್ಜಿದರಾಯಿತು. ಆದರೆ ಬಿರುಕಿನಗುಂಟ ಕಂದುಗೆರೆ ಇಳಿದಿದ್ದರೆ ಉಪೇಕ್ಷಿಸಲಾಗದು. ಉಪ್ಪಿನೊಳಗಿನ ಕ್ಲೋರೈಡ್ ಒಳಸೇರಿ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಅದರ ಮೇಲೆ ಎಷ್ಟು ಗಿಲಾವು ಬಳಿದರೂ ನಿಲ್ಲದು. ಸರಳನ್ನು ತೆರೆದು ತುಕ್ಕು ಕಳೆಯಲೇಬೇಕು. ಗೋಡೆಯನ್ನು ತಟ್ಟಿರಿ: ಪೊಳ್ಳುನಾದ ಬಂದಷ್ಟು ಭಾಗವನ್ನು ಕೆಡವಬೇಕು.

ಹೊಸ ಗಿಲಾವನ್ನೂ ಅದೇ ಸವಳು ನೀರಿನಲ್ಲಿ ಕಲಸುವ ಗೌಂಡಿಗಳುಂಟು! ಅಂದು ಕೆರೆಯ ಸಿಹಿನೀರನ್ನೇ ತರಿಸಿಕೊಡಿರಿ; ಕ್ಯೂರಿಂಗಿಗೂ ಅದನ್ನೇ ಹಾಕಿರಿ.