ಅವಳು ಬಡಿದ ರೊಟ್ಟಿಗೆ ಗಿರಾಕಿ ಯಾರು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಂಧುಗಳೇ, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುವುದನ್ನು 1982ರ ಕಾಯ್ದೆಯೇ ಅಪರಾಧ ಎಂದಿತು. ಆದರೂ ಭರತ ಹುಣ್ಣಿಮೆ ಬಂತೆಂದರೆ ಉಚ್ಚಂಗಿದುರ್ಗದ ಗುಡ್ಡದ ಮೇಲೆ ಯಾರೂ ಮುತ್ತು ಕಟ್ಟದಂತೆ ಕಣ್ಣಿಟ್ಟು ಕಾಯಬೇಕಾಗಿದೆ. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿ ಮಹಿಳೆಯರನ್ನು ಗುರುತಿಸಿದವು. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅವರಲ್ಲಿ ನಮ್ಮೂರಿನವರೂ ಇದ್ದಾರೆ.

ಇವರಿಗೆ ತರಬೇತಿ ಕೊಡುತ್ತಲೇ ಇದ್ದೇವೆ. ಹೊಲಿಗೆ ಕಲಿಸುತ್ತೇವೆ, ಪ್ರಮಾಣಪತ್ರ ಕೈಗಿಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಆಮೇಲೆ? ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಪರಿಶಿಷ್ಟ ಮಹಿಳೆಯರ ಸಾಲಕ್ಕೆ ಅರ್ಧದಷ್ಟು ಸಹಾಯಧನವಿದೆ. ಆದರೆ ಸಾಲ ಮಂಜೂರು ಮಾಡಬೇಕಾದದ್ದು ಬ್ಯಾಂಕು. ಅಲ್ಲಿ ಬಾಗಿಲು ತೆರೆಯದಿದ್ದರೆ ಆಕೆ ವಾರದ ಕಂತಿನ ಫೈನಾನ್ಸಿಗೆ ಕೈಚಾಚುತ್ತಾಳೆ. ಆ ಕಂತಿನ ಕಿರುಕುಳ ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಾಲ ಸಿಕ್ಕರೂ ಮುಗಿಯಲಿಲ್ಲ, ಕೊಳ್ಳುವವರು ಬೇಕಲ್ಲ! ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ಇದೆ, ಪರಿಮಳ ಊರೂರಿಗೆ ಗೊತ್ತು. ಆದರೆ ಬೆಳಗ್ಗೆ ಬಿಡಿಸಿದ ಮೊಗ್ಗು ಅಂದೇ ಮಾರಾಟವಾಗಬೇಕು. ಕಾದು ಕೂರಲಾಗದವಳು ಕೊಳ್ಳುವವರು ಹೇಳಿದ ದರಕ್ಕೆ ಒಪ್ಪಲೇಬೇಕು. ಜೋಳದ ಖಡಕ್ ರೊಟ್ಟಿಯ ಲೆಕ್ಕ ಬೇರೆ. ಕುದಿಯುವ ಎಸರು ಹೊಯ್ದು ಹಿಟ್ಟು ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಿ, ಗರಿಗರಿಯಾಗುವ ತನಕ ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿಯ ಜೊತೆ ಬೆಂಗಳೂರಿನ ತನಕ ಹೋಗುತ್ತದೆ. ಬಂಡವಾಳ ಕಡಿಮೆ, ಕಸುಬು ಕೈಯಲ್ಲೇ ಇದೆ. ಆಹಾರ ಸುರಕ್ಷತಾ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಸಾಕು.

ಹಾಗಿದ್ದರೂ ಇವರಿಗೆ ಹೊಲಿಗೆ ಯಂತ್ರವನ್ನೇ ಏಕೆ ಕೊಡುತ್ತಾ ಬಂದೆವು? ನನಗೆ ಅನ್ನಿಸುವುದನ್ನು ನೇರವಾಗಿ ಹೇಳುತ್ತೇನೆ. ಅವಳು ಹೊಲಿದ ಕುಪ್ಪಸ ತೊಡಲು ನಮಗೆ ಅಡ್ಡಿಯಿಲ್ಲ, ಅವಳು ಬಡಿದ ರೊಟ್ಟಿ ತಿನ್ನಲು ಮನಸ್ಸು ಹಿಂಜರಿಯುತ್ತದೆ. ಜಾತಿಯ ಮೈಲಿಗೆ ಒಂದು, ದೇವರಿಗೆ ಬಿಟ್ಟವಳೆಂಬ ಹಣೆಪಟ್ಟಿ ಇನ್ನೊಂದು. ಅವಳನ್ನು ಮುತ್ತು ಕಟ್ಟಿ ಬಳಸಿಕೊಂಡ ಊರಿಗೆ ಆಗ ಯಾವ ಮೈಲಿಗೆಯೂ ಕಾಣಲಿಲ್ಲ. ಅವಳು ದುಡಿದು ತಲೆಯೆತ್ತಿ ನಿಂತಾಗ ಮಾತ್ರ ಮಡಿ ನೆನಪಾಗುವುದು ಅನ್ಯಾಯ. ಇದನ್ನು ಯಾವ ತರಬೇತಿ ಕೇಂದ್ರವೂ ಸರಿಪಡಿಸಲಾರದು. ನಾವೇ ಸರಿಪಡಿಸಬೇಕು.

ಕಲ್ಯಾಣ ಮಂಟಪದವರೇ, ಮದುವೆ ಊಟದ ರೊಟ್ಟಿಯ ಆರ್ಡರ್ ಈ ಹೆಣ್ಣುಮಕ್ಕಳ ಗುಂಪಿಗೆ ಕೊಡಿ. ಕೊಟ್ಟೂರು ತೇರಿಗೆ, ಮೈಲಾರದ ಜಾತ್ರೆಗೆ ಸಾವಿರಾರು ಜನ ಬರುತ್ತಾರೆ; ಜಾತ್ರಾ ಸಮಿತಿಯವರೇ, ಇವರಿಗೆ ಬಾಡಿಗೆಯಿಲ್ಲದೆ ಎರಡು ಮಳಿಗೆ ಬಿಡಿ. ಶಾಲಾಭಿವೃದ್ಧಿ ಸಮಿತಿಯವರೇ, ಜೂನ್‌ನಲ್ಲಿ ಮಕ್ಕಳ ಸಮವಸ್ತ್ರದ ಬಟ್ಟೆ ಬಂದಾಗ ಹೊಲಿಗೆಯ ಕೆಲಸ ಇವರ ಮನೆಗೆ ಕಳಿಸಿ. ಬ್ಯಾಂಕಿನ ವ್ಯವಸ್ಥಾಪಕರೇ, ಬಾಕಿ ಇರುವ ಉದ್ಯೋಗಿನಿ ಅರ್ಜಿಗಳನ್ನು ಈ ವಾರವೇ ತೆಗೆದು ನೋಡಿ. ಲೆಕ್ಕ ಬರೆಯಬಲ್ಲ ಕಾಲೇಜು ಮಕ್ಕಳೇ, ಅವರ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಒಂದು ತಾಸು ಕೂತು ಖರ್ಚು-ಆದಾಯ ಬರೆದುಕೊಡಿ.

ತಾಯಂದಿರೇ, ರೊಟ್ಟಿ ಕೊಳ್ಳಿ, ಉದ್ರಿ ಹೇಳಬೇಡಿ. ದುಡ್ಡು ಅಲ್ಲೇ ಕೊಡಿ, ಮನೆಯವರೆಲ್ಲ ಕೂತು ಉಣ್ಣಿ.