ಬಾಡಿಗೆ ನಮ್ದು, ಬಿಲ್ ನಮ್ದು, ನೆಟ್ ಆರಿಸೋದು ಮಾತ್ರ ಮಾಲೀಕರಾ?

ಕಳೆದ ಜೂನ್‌ನಲ್ಲಿ ತಂಗಿಗೆ ಬಾಡಿಗೆ ಮನೆ ನೋಡಲು ವಿಜಯಪುರಕ್ಕೆ ಹೋಗಿದ್ದೆ. ಕಾಖಂಡಕಿಯಿಂದ ದಿನಾ ಬಸ್ಸಿಗೆ ಓಡಾಡಿ ಸಾಕಾಗಿ, ನಮ್ಮೂರಿನವರೇ ಮೂವರು ಹುಡುಗಿಯರು ಕೂಡಿ ಮನೆ ಮಾಡುವುದೆಂದು ಆಗಿತ್ತು. ಬಿಲ್ಡಿಂಗ್ ಚಲೋ ಇತ್ತು. ನೀರು ಇತ್ತು, ಬೇರೆ ಮೀಟರ್ ಇತ್ತು. ಡಿಪಾಜಿಟ್ ಎಣಿಸಿ ಕೊಟ್ಟ ಮೇಲೆ ಮಾಲೀಕರು ಒಂದು ಮಾತು ಹೇಳಿದರು.

"ನೆಟ್ ಬೇಕಂದ್ರ ನಮ್ಮ ಹುಡುಗನ ಕಡೇನ ತಗೋಬೇಕ್ರಿ. ಬ್ಯಾರೇದವ್ರ ವೈರ್ ನಮ್ಮ ಬಿಲ್ಡಿಂಗಿನ್ಯಾಗ ಬಿಡಂಗಿಲ್ಲ."

"ಯಾಕ್ರೀ ಕಾಕಾ?"

"ಬಿಡಂಗಿಲ್ಲಂದ್ರ ಬಿಡಂಗಿಲ್ಲ."

ಆ ಹುಡುಗ ಬಂದ. ಆರು ತಿಂಗಳ ದುಡ್ಡು ಮುಂಗಡ, ಡಬ್ಬಿಗೆ ಬೇರೆ ಡಿಪಾಜಿಟ್. ರಸೀದಿ ಕೇಳಿದರೆ ನಕ್ಕ. "100 ಎಂಬಿಪಿಎಸ್ ಅಕ್ಕಾರ, ಆರಾಮ ನೋಡ್ರಿ" ಅಂದ. ಹಗಲು ಸರಿ ಇತ್ತು. ರಾತ್ರಿ ಎಂಟಾದರೆ ವಿಡಿಯೊ ಗಿರಗಿರ ಸುತ್ತಿ ನಿಲ್ಲುತ್ತಿತ್ತು. ಎರಡು ತಿಂಗಳಿಗೆ ಲೈನ್ ಪೂರ್ತಿ ಹೋಯಿತು. ಒಂಬತ್ತು ದಿನ "ನಾಳೆ ಬರ್ತೀನ್ರಿ" ಎಂಬ ಉತ್ತರ.

ಆ ಒಂಬತ್ತು ದಿನದೊಳಗೇ ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಬಂತು. ಮೊಬೈಲ್ ಡೇಟಾ ಮುಗಿದಿತ್ತು. ಮೂವರಲ್ಲಿ ಒಬ್ಬಾಕೆ ರಾತ್ರಿ ಎಂಟೂವರೆಗೆ ಸೈಬರ್ ಸೆಂಟರ್ ಹುಡುಕಿಕೊಂಡು ಹೋದಳು. ಅದೇ ಹೊತ್ತಿಗೆ ಊರಿನಿಂದ ಅಪ್ಪನ ಫೋನ್. ರಸ್ತೆಯ ಸಪ್ಪಳ ಕೇಳಿಸಿತು. "ನೆಟ್ ಸಲುವಾಗಿ ರಾತ್ರಿ ಹೊರಗ ಅಡ್ಡಾಡೂದಾದ್ರ ಓದು ಸಾಕು, ಊರಿಗೆ ಬಾ" ಅಂದರು. ಅವರನ್ನು ಸಮಾಧಾನ ಮಾಡಲು ನಾವು ನಾಲ್ಕು ಸಲ ಅವರ ಮನೆಗೆ ಹೋಗಬೇಕಾಯಿತು.

ಈಗ ಹೇಳಿ, ನೆಟ್ ಎಂದರೆ ಬರೀ ರೀಲ್ಸ್ ನೋಡುವ ಚಟವೇ? ಒಂದು ಕೆಟ್ಟ ವೈರ್, ಒಬ್ಬ ಹುಡುಗಿಯ ಓದನ್ನೇ ನಿಲ್ಲಿಸುವ ಮಟ್ಟಕ್ಕೆ ಬಂದಿತ್ತು.

ಮಾಲೀಕರಿಗೂ ಕಾರಣಗಳಿವೆ. ಗೋಡೆಗೆ ತೂತು ಬೀಳುತ್ತದೆ, ಬಾಡಿಗೆಯವರು ಹೋದ ಮೇಲೆ ವೈರ್ ಜೋತಾಡುತ್ತದೆ ಎನ್ನುತ್ತಾರೆ. ನಿಜ. ಆದರೆ ಅದಕ್ಕೆ ಪರಿಹಾರ ಸುಲಭ. ಕಟ್ಟುವಾಗಲೇ ಒಂದು ಪೈಪ್ ಬಿಟ್ಟರೆ ನಾಲ್ಕು ಕಂಪನಿಯ ವೈರ್ ಒಂದೇ ದಾರಿಯಲ್ಲಿ ಬರುತ್ತವೆ. ಹಳೆಯ ಬಿಲ್ಡಿಂಗ್ ಆದರೆ "ಬಿಡುವಾಗ ತೂತು ಮುಚ್ಚಿಸಿ ಕೊಡಬೇಕು" ಎಂದು ಕರಾರಿನಲ್ಲಿ ಬರೆಸಿಕೊಳ್ಳಲಿ. ತೂತಿನ ನೆಪದಲ್ಲಿ ಒಬ್ಬನಿಗೇ ಇಡೀ ಬಿಲ್ಡಿಂಗ್ ಬರೆದುಕೊಡುವುದು ಗೋಡೆಯ ಕಾಳಜಿಯಲ್ಲ, ವ್ಯಾಪಾರ. ಬೇರೆ ಯಾರೂ ಬರುವುದಿಲ್ಲ ಎಂದು ಗೊತ್ತಿದ್ದವನು ಒಂಬತ್ತು ದಿನ ಯಾಕೆ ಬಂದಾನು?

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದಲ್ಲಿ ಅಪಾರ್ಟ್‌ಮೆಂಟಿಗೆ ತಾನೊಬ್ಬನೇ ಕೇಬಲ್ ಕೊಡುತ್ತೇನೆಂಬ ಕರಾರುಗಳನ್ನು ಅಲ್ಲಿನ ಸಂಪರ್ಕ ಆಯೋಗ 2007ರಲ್ಲೇ ನಿಷೇಧಿಸಿತು. ನಮ್ಮಲ್ಲೂ ಟ್ರಾಯ್ 2017ರ ಜನವರಿಯಲ್ಲಿ, ಕಟ್ಟಡದೊಳಗೆ ಒಂದೇ ಕಂಪನಿಗೆ ಏಕಸ್ವಾಮ್ಯ ಇರಬಾರದು ಎಂದು ಶಿಫಾರಸು ಮಾಡಿತು. 2024ರಲ್ಲಿ ಕಟ್ಟಡಗಳ ನೆಟ್ ಸೌಲಭ್ಯಕ್ಕೆ ರೇಟಿಂಗ್ ಕೊಡುವ ನಿಯಮವನ್ನೂ ತಂದಿತು. ಶಿಫಾರಸು, ರೇಟಿಂಗ್ ಎಲ್ಲ ದಿಲ್ಲಿಯಲ್ಲಿವೆ. ಆಶ್ರಮ ರಸ್ತೆಯ, ಜಲನಗರದ ಮೆಟ್ಟಿಲ ಮೇಲೆ ಮಾತ್ರ ಮಾಲೀಕರ ಹುಡುಗ ಕೂತಿರುತ್ತಾನೆ.

ಇನ್ನು ನಮ್ಮವರ ಮಾತು. "ಮೊಬೈಲ್ ನೆಟ್ ಐತೆಲ್ಲ, ಮನಿಗೆ ಬ್ಯಾರೆ ಯಾಕ?" ಲೆಕ್ಕ ಹಾಕೋಣ. 2024ರ ಜುಲೈನಲ್ಲಿ ದೊಡ್ಡ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ, ದಿನಕ್ಕೆ ಒಂದೂವರೆ ಜಿಬಿಯ ರಿಚಾರ್ಜಿಗೆ ಹೆಚ್ಚುಕಡಿಮೆ 300 ರೂಪಾಯಿ ಆಯಿತು. ಅದು ತಿಂಗಳಿಗಲ್ಲ, 28 ದಿನಕ್ಕೆ. ಅಂದರೆ ವರ್ಷಕ್ಕೆ 12 ಅಲ್ಲ, 13 ಸಲ. ಮೂವರಿಗೆ 28 ದಿನಕ್ಕೆ 900. ಇಷ್ಟು ಕೊಟ್ಟರೂ ಸ್ಪಷ್ಟವಾಗಿ ಕಾಣುವ ಒಂದು ಗಂಟೆಯ ವಿಡಿಯೊ ಪಾಠಕ್ಕೆ ಆ ದಿನದ ಡೇಟಾ ಬಹುಪಾಲು ಖಾಲಿ. ಮನೆಯ ನೆಟ್‌ಗೆ 399ರ ಪ್ಲಾನ್ ಎಂದರೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಸುಮಾರು 471 ರೂಪಾಯಿ. ಮೂವರಲ್ಲಿ ಹಂಚಿದರೆ ತಲೆಗೆ 157. ಫೋನಿಗೆ ಮಾತಾಡುವಷ್ಟು ಸಣ್ಣ ರಿಚಾರ್ಜ್ ಸಾಕು. ಮಗಳ ಓದಿಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕು ಎನ್ನುವವರು ಉಳಿಸುತ್ತಿಲ್ಲ, ಕಳೆಯುತ್ತಿದ್ದಾರೆ.

ಆದರೆ ಮನೆಯ ನೆಟ್ ಎಂದ ಕೂಡಲೇ ಯಾವುದೋ ಒಂದನ್ನು ಹಾಕಿಸಿದರೆ ನಮ್ಮ ಗತಿಯೇ. ಸ್ಪೀಡ್ ನಂಬಿ ಮೋಸಹೋಗಬೇಡಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿ ಅಲ್ಲ. ಎಂಟರಿಂದ ಭಾಗಿಸಿ, ಹನ್ನೆರಡೂವರೆ ಎಂಬಿ. ಅದೂ "ಅಲ್ಲಿವರೆಗೆ" ಅಷ್ಟೆ. ನಮ್ಮೂರಲ್ಲಿ ಕಾರಹುಣ್ಣಿಮೆಯ ಕರಿ ಹರಿಯುವ ದಿನ ನೆನಪಿಸಿಕೊಳ್ಳಿ. ಹೋರಿ ಓಡುವುದನ್ನು ಎಲ್ಲರೂ ಲೈವ್ ಬಿಡಲು ಹೋಗುತ್ತಾರೆ, ಫೋನಿನಲ್ಲಿ ಕಡ್ಡಿ ಪೂರ್ತಿ ಇದ್ದರೂ ಒಂದು ಫೋಟೊ ಹೋಗುವುದಿಲ್ಲ. ಟವರ್ ಕೆಟ್ಟಿರುವುದಿಲ್ಲ, ಪಾಲುದಾರರು ಹೆಚ್ಚಾಗಿರುತ್ತಾರೆ. ಬಿಲ್ಡಿಂಗಿನ ನೆಟ್ ರಾತ್ರಿ ಎಂಟಕ್ಕೆ ಸೊರಗುವುದೂ ಹೀಗೆಯೇ.

ಅದಕ್ಕೆ ಮನೆ ನೋಡುವಾಗಲೇ, ಡಿಪಾಜಿಟ್ ಕೊಡುವ ಮೊದಲೇ ಇಷ್ಟು ಕೇಳಿ.

ಒಂದು, ಬೇರೆ ಕಂಪನಿಯ ವೈರ್ ಬಿಡುತ್ತೀರಾ? ಬಿಡುತ್ತೇವೆ ಎಂದರೆ ಕರಾರಿನಲ್ಲಿ ಒಂದು ಸಾಲು ಬರೆಸಿ. ನೀರು, ಕರೆಂಟ್ ಕೇಳುವ ಹಾಗೆಯೇ ಇದನ್ನೂ ಕೇಳಿ, ಸಂಕೋಚ ಬೇಡ.

ಎರಡು, ಫೈಬರ್ ನಿಮ್ಮ ಮನೆಯೊಳಗಿನ ಡಬ್ಬಿಯ ತನಕ ಬರುತ್ತದೋ, ಮಾಳಿಗೆಯ ಮೇಲಿನ ಡಬ್ಬಿಗೆ ಬಂದು ಅಲ್ಲಿಂದ ಸಾದಾ ವೈರಿನಲ್ಲಿ ಎಲ್ಲರಿಗೂ ಹಂಚುತ್ತಾರೋ? ಎರಡನೆಯದಾದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ, ಮಾಳಿಗೆಯ ಡಬ್ಬಿಗೆ ಕರೆಂಟ್ ಹೋದರೆ ನೆಟ್ ಹೋಗುತ್ತದೆ.

ಮೂರು, ಪಕ್ಕದ ಮನೆಯವರ ಬಾಗಿಲು ಬಡಿದು ಕೇಳಿ: "ರಾತ್ರಿ ಹ್ಯಾಂಗ ಬರ್ತೈತ್ರಿ? ಕೆಟ್ಟರ ಎಷ್ಟ ದಿನಕ್ಕ ಬರ್ತಾರ್ರಿ?" ಏಜೆಂಟನ ಹತ್ತು ಮಾತಿಗಿಂತ ಅವರ ಒಂದು ಮಾತು ನಿಜ.

ನಾಲ್ಕು, ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ. ಬಾಡಿಗೆ ಮನೆಯಲ್ಲಿ ಇರುವವರು ವರ್ಷದ ಪ್ಲಾನ್ ಕಟ್ಟಿ, ಪರೀಕ್ಷೆ ಮುಗಿದು ಮನೆ ಬಿಟ್ಟರೆ ಉಳಿದ ದುಡ್ಡು ಯಾರದು?

ಐದು, ಕನೆಕ್ಷನ್ ನಿಮ್ಮ ಹೆಸರಿನಲ್ಲೇ ಇರಲಿ, ಗ್ರಾಹಕ ನಂಬರ್ ಬರಲಿ, ಡಬ್ಬಿಯ ಡಿಪಾಜಿಟ್‌ಗೆ ರಸೀದಿ ಇರಲಿ. ನಮ್ಮ ತಪ್ಪು ಇಲ್ಲೇ ಆಯಿತು. ದಾಖಲೆಯಲ್ಲಿ ನಾವು ಗ್ರಾಹಕರೇ ಆಗಿರಲಿಲ್ಲ, ದೂರು ಕೊಡುವುದು ಯಾವ ಬಾಯಿಂದ?

ವೈರ್ ಬೇಡ, ಗಾಳಿಯಲ್ಲಿ ಬರುವ 5ಜಿ ಏರ್‌ಫೈಬರ್ ಸಾಕು ಎನ್ನುವವರಿಗೂ ಒಂದು ಮಾತು. ಅದಕ್ಕೆ ಬಹಳ ಸಲ ಮಾಳಿಗೆಯ ಮೇಲೆ ಆಂಟೆನಾ ಬೇಕು, ಅಲ್ಲಿಗೂ ಮಾಲೀಕರ ಒಪ್ಪಿಗೆ ಬೇಕು. ಒಪ್ಪಿದರೆ ಮನೆ ಬದಲಿಸುವವರಿಗೆ ಅನುಕೂಲ, ಹತ್ತಿರ ಒಳ್ಳೆಯ ಸಿಗ್ನಲ್ ಇದ್ದರೆ ಮಾತ್ರ.

ಕೆಟ್ಟಾಗ ಬರೀ ಹುಡುಗನಿಗೆ ಫೋನ್ ಮಾಡುತ್ತಾ ಕೂಡಬೇಡಿ. ಕಂಪನಿಯ ದೂರು ನಂಬರಿಗೆ ಹಚ್ಚಿ ಡಾಕೆಟ್ ನಂಬರ್ ಬರೆದುಕೊಳ್ಳಿ. ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟೆಲಿಫೋನ್, ನೆಟ್ ವ್ಯಾಜ್ಯಗಳು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂದು ಕಂಪನಿಗಳು ವಾದಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ.

"ನಾವು ಊರಾಗ ಇರೋರು, ಬಾಡಿಗಿ ಮನಿ ಕತಿ ನಮಗ್ಯಾಕ" ಅನ್ನಬೇಡಿ. ಊರಲ್ಲಿ ನಮ್ಮ ಮಾಲೀಕರು ಬೇರೆ, ಕತೆ ಅದೇ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2020ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ, ಸಾವಿರ ದಿನದೊಳಗೆ 6 ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಫೈಬರ್ ಎಂದರು. ಆ ಸಾವಿರ ದಿನ 2023ರ ಮೇ ತಿಂಗಳಿಗೇ ಮುಗಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಯೋಜನೆಯನ್ನು ತಿದ್ದಿ 1,39,579 ಕೋಟಿ ರೂಪಾಯಿ ಎಂದರು. ಹೋಗಿ ನಿಮ್ಮ ಪಂಚಾಯಿತಿಯಲ್ಲಿ ಕೇಳಿ: ಫೈಬರ್ ಬಂದಿದೆಯಾ? ಬಂದಿದ್ದರೆ ನಡೆಯುತ್ತಿದೆಯಾ? ಅಲ್ಲಿಂದ ಶಾಲೆಗೆ, ಅರಿವು ಕೇಂದ್ರಕ್ಕೆ, ನಮ್ಮ ಮನೆಗೆ ಯಾಕೆ ಬಂದಿಲ್ಲ? ಮುಂದಿನ ಗ್ರಾಮಸಭೆಯಲ್ಲಿ ಗಟಾರ, ಬೀದಿ ದೀಪದ ಜೊತೆ ಇದೂ ಒಂದು ಪ್ರಶ್ನೆಯಾಗಲಿ. ಊರಲ್ಲೇ ಚಲೋ ನೆಟ್ ಇದ್ದರೆ, ಒಂದು ಅರ್ಜಿ ತುಂಬುವ ಸಲುವಾಗಿ ಯಾರೂ ಬಸ್ಸು ಹತ್ತಬೇಕಿಲ್ಲ.

ನಮ್ಮ ಮೂವರು ಹುಡುಗಿಯರು ದೀಪಾವಳಿ ಮುಗಿಸಿ ಆ ಮನೆ ಬಿಟ್ಟರು. ಡಬ್ಬಿಯ ಡಿಪಾಜಿಟ್ ಇನ್ನೂ ಬಂದಿಲ್ಲ. ಹೊಸ ಮನೆ ನೋಡಲು ಈ ಸಲ ನಾನು ಹೋಗಲಿಲ್ಲ, ಆ ಅಪ್ಪನೇ ಮಗಳ ಜೊತೆ ಹೋದರು. ನಲ್ಲಿ ತಿರುವಿ ನೀರು ನೋಡಿದರು, ಮೀಟರ್ ನೋಡಿದರು. ಆಮೇಲೆ ಮಾಲೀಕರಿಗೆ ಕೇಳಿದರಂತೆ:

"ನೆಟ್ಟಿನ ವೈರ್ ನಮಗ ಬೇಕಾದವ್ರದು ಹಾಕ್ಸಾಕ ಬಿಡ್ತೀರೇನ್ರಿ? ಬಿಡಂಗಿದ್ರ ಡಿಪಾಜಿಟ್ ಮಾತಾಡೂಣು."